ಅಲುಗದ ನೀರು

ಬೂಟಿನ ತುದಿಯ ಮೇಲೆ ನೊಣವೊಂದು ಕೂತು ಕೈ ಉಜ್ಜಿಕೊಳ್ಳುತ್ತಿದೆ, ಬೆಳಗ್ಗೆ ನಾನು ಅಷ್ಟು ತಿಕ್ಕಿ ಪಾಲಿಶ್ ಹಾಕಿದ್ದು ಇದು ಮುಖ ನೋಡಿಕೊಳ್ಳಲಿ ಅಂತಲೇ ಇರಬೇಕು, ಕಾಲು ಕೊಡವಿದರೆ ಹಾರಿಹೋಗುತ್ತದೆ, ಕೊಡವಬಹುದು, ಇದೇನು ಪಹರೆಯಲ್ಲ, ದೊಡ್ಡ ಸಾಹೇಬರ ಕಚೇರಿಯ ಹೊರಗಿನ ಬೆಂಚು, ಇಲ್ಲಿ ಕಾಲು ಅಲ್ಲಾಡಿಸಬಾರದೆಂದು ಯಾವ ಕಾನೂನೂ ಇಲ್ಲ — ಇದ್ದರೂ ಇರಬಹುದು, ನನಗೇನು ಗೊತ್ತು, ಕಾನೂನಿನ ಪಾಠದಲ್ಲಿ ತೂಕಡಿಸಿದವನು ನಾನು. ಪಕ್ಕದಲ್ಲಿ ಸೊಳ್ಳೆಯ ಅಪ್ಪ ಕೂತಿದ್ದಾರೆ, ಸೊಳ್ಳೆ ಅಂದರೆ ನನ್ನ ಪಕ್ಕದ ಮಂಚದವನು, ನಾವಿಟ್ಟ ಅಡ್ಡಹೆಸರು. ಮಗನನ್ನು ಕೊಂಡೊಯ್ಯಲು ಬಂದವರು. ದರ್ಜಿ, ನೋಡಿದರೇ ಗೊತ್ತಾಗುತ್ತದೆ, ಕುತ್ತಿಗೆ ಮುಂದಕ್ಕೆ ಬಾಗಿದೆ, ಬಂದು ಕೂತಾಗಿನಿಂದ ನನ್ನ ಮುಖ ನೋಡಿಲ್ಲ, ತೋಳಿನ ಹೊಲಿಗೆ ನೋಡುತ್ತಿದ್ದಾರೆ, ಈಗ ಕೈ ಚಾಚಿ ನನ್ನ ಗುಂಡಿಯ ಸಡಿಲ ದಾರವನ್ನು ಬೆರಳಿಗೆ ಸುತ್ತಿ ಕಿತ್ತರು, ಇದನ್ನ ಯಾರಪ್ಪ ಹೊಲಿದಿದ್ದು, ಹೊಲಿಗೆ ಅಲ್ಲ ಇದು, ತೇಪೆ. ಸೊಳ್ಳೆಗೆ ಕೊಟ್ಟ ಅಂಗಿಯೊಳಗೆ ಇನ್ನೊಬ್ಬ ಸೊಳ್ಳೆ ಹಿಡಿಸುತ್ತಿದ್ದ, ನಾವೆಲ್ಲ ನಕ್ಕರೆ, ನಗ್ರೋ ನಗ್ರಿ, ರಜೆಗೆ ಹೋದಾಗ ನಮ್ಮಪ್ಪ ಇದನ್ನ ಹಿಡಿದು ಹೊಲಿದುಕೊಟ್ರೆ ನಾನೇ ಜನರಲ್ಲು ಅನ್ನುತ್ತಿದ್ದ. ನೀನೇನಾ ಮಗ ಪಕ್ಕದ ಮಂಚದವನು, ಅಪ್ಪ ಈಗ ಕೇಳುತ್ತಿದ್ದಾರೆ, ನಿದ್ದೆಬುರುಕ, ಫೋನಲ್ಲಿ ಹೇಳಿ ಹೇಳಿ ನಗ್ತಿದ್ದ, ಇವನನ್ನ ಎಬ್ಬಿಸೋದೇ ನನ್ನ ನೌಕರಿ ಅಪ್ಪ ಅಂತ. ಹೌದು, ನಾನೇ, ನಾನೇ.

ಮೊನ್ನೆ ತಗಡಿನ ಮಾಡಿನ ಕೋಣೆ, ಬೆಳಗಿನ ಓಟ ಮುಗಿಸಿ ಬೆವರು ಆರುವ ಮೊದಲೇ ಕಾನೂನಿನ ಪಾಠ, ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದೆ, ಹೊಸಬರೆಲ್ಲ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದನ್ನು ಕಲಿತಿದ್ದಾರೆ, ನನಗೊಬ್ಬನಿಗೆ ಆ ವಿದ್ಯೆ ಹತ್ತಲಿಲ್ಲ. ಹವಾಲ್ದಾರ್ ಓದುತ್ತಿದ್ದಾನೆ, ಬದಲಿಯವನು ಬರೋ ತನಕ ಪಹರೆಯವನು ಜಾಗ ಬಿಟ್ಟು ಕದಲಬಾರದು, ಕದಲಿದರೆ ಜೈಲು, ಕೇಳಿಸ್ತೇನ್ರೋ — ಕೇಳಿಸಿತು, ಜೈಲು ಅನ್ನುವ ತನಕ ಕೇಳಿಸಿತು, ಆಮೇಲೆ ರೆಪ್ಪೆ ಕೂಡಿತು, ಆಮೇಲೆ ತೊಡೆಯಲ್ಲಿ ಚುರುಕ್, ಸೊಳ್ಳೆ ಚಿವುಟಿದ್ದ, ದಿನವೂ ಚಿವುಟುತ್ತಿದ್ದ, ಅದಕ್ಕೇ ಆ ಹೆಸರು. ಆ ದಿನ ಹವಾಲ್ದಾರ್ ನೋಡಿಬಿಟ್ಟ. ಪಾಠದಲ್ಲಿ ಚೇಷ್ಟೇನಾ ನಿಂದು? ಮಧ್ಯಾಹ್ನ ಮರಳು ಮೂಟೆ ಹೊತ್ಕೊಂಡು ಮೈದಾನ ಸುತ್ತು, ನಾನು ಸಾಕು ಅನ್ನೋ ತನಕ. ಇವನು ನಿದ್ದೆ ಮಾಡ್ತಿದ್ದ ಸಾರ್ ಅಂತ ಸೊಳ್ಳೆ ಅನ್ನಲಿಲ್ಲ. ನಾನು ಮಾಡ್ತಿದ್ದೆ ಸಾರ್ ಅಂತ ನಾನೂ ಅನ್ನಲಿಲ್ಲ, ಮೈದಾನ ಸುತ್ತುವುದೇನು ಹೊಸದೇ, ಯಾರು ಸುತ್ತಿಲ್ಲ, ಸಂಜೆ ಕಾಲು ಒತ್ತಿದರಾಯಿತು ಅಂದುಕೊಂಡೆ, ಹಾಳಾದವನು ನಾನು.

ಮಧ್ಯಾಹ್ನ ಮದ್ದುಗುಂಡಿನ ಕೋಠಿಯ ಮುಂದೆ ನನ್ನ ಪಹರೆ. ಭುಜಕ್ಕೆ ಬಂದೂಕು, ಸೊಂಟಕ್ಕೆ ನೀರಿನ ಬಾಟಲಿ, ಬಾಟಲಿ ಕಂಠದವರೆಗೆ ತುಂಬಿರಬೇಕು, ಅರ್ಧ ತುಂಬಿದರೆ ನಡೆಯುವಾಗ ಗುಳುಗುಳು ಅನ್ನುತ್ತದೆ, ಶತ್ರುವಿಗೆ ಕೇಳಿಸುತ್ತದೆ, ಅದೂ ತಪ್ಪು, ಅದಕ್ಕೂ ಮೂಟೆ. ಎದುರಿಗೆ ಸೊಳ್ಳೆ ಸುತ್ತುತ್ತಿದ್ದಾನೆ, ಮೊದಲು ಓಡುತ್ತಾ, ಆಮೇಲೆ ಮೂಟೆಯೇ ಅವನನ್ನು ಎಳೆದುಕೊಂಡು ಹೋದ ಹಾಗೆ. ಊಟಕ್ಕೆ ಹೋದ ಹವಾಲ್ದಾರ್ ಸಾಕು ಅನ್ನುವುದನ್ನೇ ಮರೆತ. ಸೊಳ್ಳೆ ಬಿದ್ದ, ನನ್ನ ಎದುರಿಗೇ, ಕೂಗಿದರೆ ಕೇಳಿಸುವಷ್ಟು ಹತ್ತಿರ, ನನ್ನ ಕಡೆಗೆ ಕೈ ಚಾಚಿದ, ಅಂಗೈ ಮೇಲೆ ಮಾಡಿ, ನನ್ನ ಬಾಟಲಿಯನ್ನೇ ನೋಡುತ್ತಾ. ಕದಲಬಾರದು, ಕದಲಿದರೆ ಜೈಲು, ನಾಟಕ ಮಾಡುತ್ತಿದ್ದಾನೆ, ಈಗ ಏಳುತ್ತಾನೆ, ಯಾರಾದರೂ ಬರುತ್ತಾರೆ. ಬದಲಿಯವನು ಬಂದಾಗ ಆ ಕೈ ಹಾಗೇ ಇತ್ತು. ರಾತ್ರಿ ಆಚೆ ಮಂಚದವನು ಅಂದ, ಕೂಗ್ಬೋದಿತ್ತಲ್ಲೋ, ಯಾರಾದ್ರೂ ಬಿದ್ರೆ ಜಾಗ ಬಿಡದೆ ಗಾರ್ಡ್ ಕೋಣೆಯವರನ್ನ ಕೂಗಿ ಕರೀಬೇಕು ಅಂತ ಬೆಳಗ್ಗೆ ತಾನೇ ಓದಿದ್ರಲ್ಲ, ಜೈಲು ಅಂದ ಮೇಲಿನ ಸಾಲು ಅದೇ. ಅದೇ ಸಾಲು. ಚಿವುಟಿ ಅವನು ನನಗೆ ಕೇಳಿಸಬೇಕೆಂದಿದ್ದ ಸಾಲು. ಗಾರ್ಡಿನವರು ಗೋಡೆಯಾಚೆಗೇ ಇದ್ದರು, ಅವರು ನಗುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

ಈಗ ದೊಡ್ಡ ಸಾಹೇಬರು ನನಗೆ ಶಹಭಾಷ್ ಅನ್ನುತ್ತಾರಂತೆ, ಗೆಳೆಯ ಕಣ್ಣೆದುರು ಬಿದ್ದರೂ ಜಾಗ ಬಿಡದವನು, ಸಂಜೆ ಹೊಸ ತಂಡದ ಮುಂದೆ ನಿಲ್ಲಿಸುತ್ತಾರಂತೆ. ಮುಖ ಯಾಕೋ ಹುಳ್ಳಗೆ ಮಾಡ್ಕೊಂಡಿದ್ದೀಯ, ಕೇಳಿದ್ದಕ್ಕಷ್ಟೇ ಉತ್ತರ ಕೊಡು ಅಂದ ಹವಾಲ್ದಾರ್, ಬೈಯಲಿಲ್ಲ, ನನ್ನ ಬಾಟಲಿ ಅಲ್ಲಾಡಿಸಿ ಕಿವಿಗೆ ಹಿಡಿದ, ಸರಿ ಹೋಗು. ಹೇಳಿಬಿಡಬೇಕು, ಇವರಿಗೆ, ಈ ಮುದುಕರಿಗೆ, ಒಳಗೆ ಹೋಗುವ ಮೊದಲೇ, ನಿಮ್ಮ ಮಗ ಸಾಯಬೇಕಿರಲಿಲ್ಲ, ಒಂದು ಕೂಗು, ಗಾರ್ಡ್ ಅಂತ ಒಂದೇ ಕೂಗು — ಕೊನೇಲಿ ಏನಾದ್ರೂ ಕೇಳಿದ್ನಾ ಮಗ? ಅಂದರು ಅವರೇ. ಇಲ್ಲ, ಅಂದೆ. ಇಲ್ಲ ಅಂದುಬಿಟ್ಟೆ. ಅವರು ತಲೆಯಾಡಿಸಿದರು, ನಂಬಿದರು, ನಾಲಗೆಯಲ್ಲಿ ತುಟಿ ಸವರಿಕೊಂಡರು. ರಾತ್ರಿಯೆಲ್ಲ ಬಸ್ಸಲ್ಲಿ ಬಂದೆ, ಗಂಟಲು ಒಣಗಿದೆ, ಒಂದು ಗುಟುಕು ನೀರು ಕೊಡ್ತೀಯಾ?

ಕೈ ಚಾಚಿದ್ದಾರೆ, ಅಂಗೈ ಮೇಲೆ ಮಾಡಿ. ನನ್ನ ಕೈ ಮುಚ್ಚಳದ ಮೇಲಿದೆ, ತಿರುಗಿಸು, ಒಂದು ಗುಟುಕು ಕೊಟ್ಟರೆ ಒಳಗೆ ಹೆಜ್ಜೆ ಹೆಜ್ಜೆಗೂ ಗುಳುಗುಳು ಅನ್ನುತ್ತದೆ, ಅನ್ನಲಿ, ಕೇಳಿಸಲಿ ಎಲ್ಲರಿಗೂ, ತಿರುಗಿಸು — ಬಾಗಿಲು ತೆರೆಯಿತು, ಒಳಗೆ ಬಾ, ಕಾಲು ಎದ್ದು ನಿಂತಿತು, ನಾನಲ್ಲ, ಕಾಲು, ಹಿಮ್ಮಡಿ ತಾನಾಗಿ ಕೂಡಿತು, ನೊಣ ಹಾರಿತು, ಎಡ, ಬಲ, ಬೆನ್ನ ಹಿಂದೆ ಆ ಕೈ ಹಾಗೇ ಇದೆ, ಎಡ, ಬಲ, ಸೊಂಟದಲ್ಲಿ ಬಾಟಲಿ, ಕಂಠದವರೆಗೆ ತುಂಬಿದೆ, ಶಬ್ದವಿಲ್ಲ, ಎಡ, ಶಬ್ದವಿಲ್ಲ, ಬಲ, ಶಬ್ದವಿಲ್ಲ