ಗಿಡಕ್ಕೆ ಅಕ್ಕಿ ತೊಳೆದ ನೀರು

ಏಷ್ಯನ್ ಗೇಮ್ಸ್ ಮುಗಿದ ಮರು ತಿಂಗಳು, ಜನವರಿಯ ಚಳಿಯಲ್ಲಿ ಎ.ಸಿ. ಹಾಕಿ ಕಂಬಳಿ ಹೊದ್ದು ಕೂತ ಮನೆ ಇಡೀ ದೋಹಾದಲ್ಲಿ ನಮ್ಮದೊಂದೇ ಇರಬೇಕು. ಯಾಕೆಂದರೆ ಗಿಡಕ್ಕೆ ಸೆಕೆಯಾಗುತ್ತದಂತೆ! ನಿಮಗೆ ಅರ್ಥವಾಯಿತಾ? ನನಗಂತೂ ಆಗಲಿಲ್ಲ ಮಾರಾಯ್ರೇ.

ಗಿಡ ನನ್ನ ಮಗಳು ಜ್ಯೋತ್ಸ್ನಾಳದ್ದು. ಮೂರನೇ ಕ್ಲಾಸು. ಊರಿಂದ ಬಂದು ಓಲ್ಡ್ ಏರ್‌ಪೋರ್ಟ್ ಏರಿಯಾದ ಈ ಫ್ಲ್ಯಾಟಿಗೆ ಸೇರಿ ಏಳು ತಿಂಗಳು. ಮನೆಯಲ್ಲಿ ಅವಳ ಬಾಯಿ ಮುಚ್ಚಿಸಲಿಕ್ಕೆ ಆಗುವುದಿಲ್ಲ, ತುಳುವಿನಲ್ಲಿ ಪಟಪಟ ಪಟಪಟ. ಶಾಲೆಯ ಗೇಟು ದಾಟಿದರೆ ಒಂದಕ್ಷರ ಇಲ್ಲ. ಹಾಜರಿ ಕರೆದರೂ ಕೈ ಎತ್ತುವುದು ಮಾತ್ರ. ಅವಳ ಟೀಚರ್ ವಿಲ್ಮಾ ನಮ್ಮ ಕಡೆಯವರೇ, ಉಡುಪಿಯವರು. "ಹರಿಣಾಕ್ಷಿಯವರೇ, ಮಾರ್ಚ್ ಒಳಗೆ ಅವಳು ಬಾಯಿ ಬಿಡದಿದ್ದರೆ ಒಂದನೇ ಕ್ಲಾಸಿಗೆ ಇಳಿಸುತ್ತಾರೆ. ನನ್ನ ಕೈಯಲ್ಲಿಲ್ಲ," ಎಂದಿದ್ದರು. ಆ ದಿನ ಮನೆಗೆ ಬಂದು ಅತ್ತುಬಿಟ್ಟೆ.

ಅಷ್ಟರಲ್ಲಿ ಶಾಲೆಯಲ್ಲಿ ಗಿಡಗಳ ಪ್ರದರ್ಶನ ಅಂತ ಬಂತು. ಗಿಡದ ಹುಚ್ಚಿನ ಒಬ್ಬರು ಇಂಗ್ಲಿಷ್ ಅಜ್ಜಿ ಹಿಮದ ಬೆಟ್ಟದ ಗಿಡಗಳನ್ನು ತರಿಸಿ ಮಕ್ಕಳಿಗೆ ಒಂದೊಂದು ಕೊಟ್ಟರು. ಎರಡು ತಿಂಗಳು ಸಾಕಬೇಕು, ಆಮೇಲೆ ಮೇಜಿನ ಮೇಲಿಟ್ಟು ಅದರ ಬಗ್ಗೆ ಹೇಳಬೇಕು. "ಗಿಡದ ನೆಪದಲ್ಲಾದರೂ ಮಾತಾಡಿಯಾಳು," ಎಂದರು ವಿಲ್ಮಾ ಟೀಚರ್.

ಗಿಡವೋ, ಒಂದು ಲಿಂಬೆಹುಳಿಯಷ್ಟು! ಚಟ್ಟಿಯಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ವಾರಕ್ಕೆ ಎರಡೇ ಚಮಚ ನೀರಂತೆ. "ಅದು ಬಂಡೆಯ ಸಂದಿಯಲ್ಲಿ ಹುಟ್ಟುವ ಗಿಡ ಅಮ್ಮ, ಬುಡ ಒದ್ದೆಯಾದರೆ ಕೊಳೆಯುತ್ತದೆ," ಎಂದು ಅವಳು ನನಗೇ ಪಾಠ ಮಾಡಿದಳು. ಹೊರಗೆ ಮರಳುಗಾಡು, ಒಳಗೆ ಹಿಮದ ಗಿಡ, ಅದಕ್ಕೆ ಊಟ ಕಲ್ಲು. ನನಗೆ ಮಂಡೆ ಬಿಸಿ. ಸಂಜೆ ಮೆಸಯೀದಿನ ಫ್ಯಾಕ್ಟರಿಯಿಂದ ಕಂಪನಿ ಬಸ್ಸಿನಲ್ಲಿ ಬಂದ ನಮ್ಮ ಯಜಮಾನರನ್ನು ಕೇಳಿದರೆ, "ಟೀಚರ್ ಹೇಳಿದ ಹಾಗೆ ಮಾಡು, ಖಲಾಸ್," ಎಂದು ಟಿವಿ ಹಾಕಿದರು.

ಆದರೆ ನನ್ನ ಕರುಳು ಚುರ್ ಅನ್ನುತ್ತಿತ್ತು. ಬಸಳೆ ಚಪ್ಪರಕ್ಕೆ ದಿನಾ ಅಕ್ಕಿ ತೊಳೆದ ನೀರು ಎರೆದು ಬೆಳೆದವಳು ನಾನು. ಬಾಯಾರಿದ ಗಿಡವನ್ನು ನೋಡಿಕೊಂಡು ಕೂರಲಿಕ್ಕೆ ಆಗುತ್ತದಾ? ಕಡೆಯ ಮೂರು ವಾರ, ಮಗಳು ಶಾಲೆಗೆ ಹೋದ ಮೇಲೆ, ದಿನಾ ಒಂದು ಲೋಟ ಅದೇ ಅಕ್ಕಿ ನೀರು ಎರೆದೆ. ಗಿಡ ಉಬ್ಬಿತು ಕೂಡ. ನೋಡಿ, ನನಗೆ ಗೊತ್ತಿಲ್ಲವಾ, ಅಂದುಕೊಂಡೆ.

ಪ್ರದರ್ಶನದ ದಿನ ಬೆಳಿಗ್ಗೆ ಜ್ಯೋತ್ಸ್ನಾ ಮುಟ್ಟಿದ್ದೇ ತಡ, ನಡುವಿನ ಎಲೆಗಳೆಲ್ಲ ಬೆಂದ ಸೊಪ್ಪಿನ ಹಾಗೆ ಕೈಗೇ ಬಂದವು. ಅವಳು ಅಳಲಿಲ್ಲ. ಕಲ್ಲುಗಳ ಮೇಲೆ ಅಂಟಿದ್ದ ಬಿಳಿ ಹಿಟ್ಟನ್ನು ಬೆರಳಿನಿಂದ ಉಜ್ಜಿ ನೋಡಿದಳು. ನನ್ನ ಮುಖ ನೋಡಿದಳು. "ಈ ಮರಳುಗಾಡಿನಲ್ಲಿ ಎಂಥ ಹಿಮದ ಗಿಡ ಬದುಕುತ್ತದೆ?" ಎಂದುಬಿಟ್ಟೆ. ನಾಚಿಕೆ ಬೇಡವಾ ನನಗೆ! ಅವಳು ಚಟ್ಟಿ ಎತ್ತಿಕೊಂಡು ಹೊರಟಳು.

ಶಾಲೆಯ ಹಾಲ್‌ನಲ್ಲಿ ಬೇರೆ ಮಕ್ಕಳ ಗಿಡಗಳೆಲ್ಲ ಚಿಕ್ಕದಾಗಿ, ಗಟ್ಟಿಯಾಗಿ ಕೂತಿದ್ದವು. ನಮ್ಮದು ಕೊಳೆತ ಮುದ್ದೆ. ಅಜ್ಜಿ ಬಗ್ಗಿ ನೋಡಿ, ಅದನ್ನೇ ತೋರಿಸಿ ಜ್ಯೋತ್ಸ್ನಾಳನ್ನು ಏನೋ ಕೇಳಿದರು. ಹೋಯಿತು, ಒಂದನೇ ಕ್ಲಾಸು ಗ್ಯಾರಂಟಿ, ಅದೂ ನನ್ನಿಂದಲೇ, ಎಂದು ನಾನು ಶಾಲು ತಿರುಚುತ್ತಾ ನಿಂತಿದ್ದೆ.

"ಐ ಪುಟ್ ವಾಟರ್," ಎಂದಳು ಜ್ಯೋತ್ಸ್ನಾ. ಶಾಲೆಯೊಳಗೆ! "ಎವೆರಿಡೇ. ಮೈ ಮಿಸ್ಟೇಕ್."

ಆಮೇಲೆ ನಿಲ್ಲಲೇ ಇಲ್ಲ. ಚಟ್ಟಿ ತೋರಿಸಿ, ಕಲ್ಲು ತೋರಿಸಿ, ಬೇರು ತೋರಿಸಿ ಹೇಳಿದ್ದೇ ಹೇಳಿದ್ದು. ನನಗೆ ಅರ್ಧವೂ ತಿಳಿಯಲಿಲ್ಲ. ವಿಲ್ಮಾ ಟೀಚರ್ ಕಣ್ಣೊರೆಸಿಕೊಂಡರು. ನಾನು ಕುಣಿಯಬೇಕೋ, ನೆಲದೊಳಗೆ ಇಳಿದುಹೋಗಬೇಕೋ? ಮಗಳು ಬಾಯಿ ಬಿಟ್ಟಳು. ಬಿಟ್ಟ ಮೊದಲ ಮಾತೇ ನನಗೋಸ್ಕರ ಹೇಳಿದ ಸುಳ್ಳು.

ತಡೆಯಲಾಗಲಿಲ್ಲ. ಮುಂದೆ ನುಗ್ಗಿ, "ನೋ ಮೇಡಂ! ಶೀ ನೋ ವಾಟರ್! ಮೀ! ರೈಸ್ ವಾಟರ್!" ಎಂದೆ.

ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಜ್ಯೋತ್ಸ್ನಾ ಸೊಂಟಕ್ಕೆ ಕೈ ಕೊಟ್ಟು, ಅಷ್ಟು ಜನರೆದುರು, ಮನೆಯಲ್ಲಿ ಗದರುವ ಹಾಗೆಯೇ ತುಳುವಿನಲ್ಲಿ ಗದರಿದಳು:

"ಅಮ್ಮ, ನೀನು ಸ್ವಲ್ಪ ಸುಮ್ಮನಿರು. ನಾನು ಮಾತಾಡ್ತಾ ಇದ್ದೇನಲ್ಲಾ?"

ಸುಮ್ಮನಾದೆ.