ಯಾರ ಮೂಳೆ, ಅವರ ನೆಲ

ಗುವಾಹೀರವೆಂಬ ಒಣ ಮರಳುಸೀಮೆಯ ವಯೂ ಬುಡಕಟ್ಟಿನ ಜನರಲ್ಲಿ ನೆಲಕ್ಕೆ ಕಾಗದಪತ್ರ ಇಲ್ಲ. ತಾಯಿ ಕಡೆಯವರ ಮೂಳೆ ಎಲ್ಲಿದೆಯೋ ಆ ನೆಲ ಆ ಕುಲದ್ದು, ಅಷ್ಟೇ. ಇಷ್ಟು ಸರಳವಾದ ಕಟ್ಟಳೆಯನ್ನೂ ಕೆಡಿಸಿಕೊಳ್ಳಲು ಸಿಲ್ವೇರಿಯೊ ಮಾವನಂಥ ಬುದ್ಧಿವಂತನೇ ಬೇಕಾಯಿತು.

ಬಸ್ಸಿನಿಂದ ಇಳಿದು, ಚೀಲವನ್ನು ಎದೆಗವಚಿಕೊಂಡು ಬರುತ್ತಿದ್ದ ಅರ್ಮಿಂಡಾಳ ತಲೆಯಲ್ಲಿ ಇದೇ ಕುದಿಯುತ್ತಿತ್ತು. ಮರಕೈಬೋ ಸರೋವರದ ತೈಲ ಬಾವಿಗಳಲ್ಲಿ ಕೆಲಸ ಸಿಕ್ಕ ಕಾಲದಲ್ಲಿ ಅವಳ ಈ ಸೋದರಮಾವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತಮ್ಮ ಪುಶಾಯ್ನಾ ಕುಲವನ್ನೆಲ್ಲ ತೈಲದ ಊರಿಗೆ ಕರೆದೊಯ್ದ. ಬದುಕಿದ್ದವರು ಸಾಲದೆಂದು ಸತ್ತವರನ್ನೂ ಬಿಡಲಿಲ್ಲ. "ಆ ಕಳ್ಳಿ ಮುಳ್ಳಲ್ಲಿ ನಮ್ಮವ್ವ ಯಾಕೆ ಬಿದ್ದಿರ್ಬೇಕು?" ಎಂದು ತಮ್ಮ ಊರಿನ ಗುಡ್ಡದ ಸ್ಮಶಾನದಿಂದ ಅರ್ಮಿಂಡಾಳ ಅಜ್ಜಿಯ ಮೂಳೆಗಳನ್ನೂ ಅದಕ್ಕೂ ಹಿಂದಿನವರ ಮೂಳೆಗಳನ್ನೂ ತೆಗೆಸಿ, ತೈಲದ ಊರಿನಲ್ಲಿ ನೀಲಿ ಟೈಲ್ಸಿನ ಗೋರಿ ಕಟ್ಟಿಸಿ ಇಟ್ಟ. ಊರೆಲ್ಲ ಬಾಯಿ ಬಿಟ್ಟು ನೋಡಿತು.

ಆಮೇಲೆ ತೈಲ ಅಟ್ಟ ಹತ್ತಿಸಿ ಏಣಿ ತೆಗೆಯಿತು. ಬಾವಿಗಳು ತುಕ್ಕು ಹಿಡಿದವು, ಪುಶಾಯ್ನಾದವರು ಬರಿಗೈಯಲ್ಲಿ ಮೇಕೆ ಕಾಯಲು ಮರಳಿದರು. ಮೂಳೆಗಳು ಮಾತ್ರ ಅಲ್ಲೇ ಉಳಿದವು.

ಈಗ ಸರ್ಕಾರಕ್ಕೆ ಗಾಳಿಯ ಹುಚ್ಚು. ತೈಲವನ್ನೇ ನಂಬಿ ಕೆಟ್ಟೆವು, ಇನ್ನು ಗಾಳಿಯಿಂದ ಕರೆಂಟು ತೆಗೆಯೋಣ ಎಂದು ಹೊರಟಿದೆ. ಗಾಳಿಗಂಬ ನೆಡಲು ಬಂದ ಕಂಪನಿಯವರು ಕೇಳಿದ್ದು ಒಂದೇ ಪ್ರಶ್ನೆ: ಈ ಗುಡ್ಡ ಯಾರದು? ಗುಡ್ಡದ ಮೇಲೆ ಉಳಿದಿದ್ದುದು ಒಂದೇ ಗೋರಿ. ಅದೂ ಇಪುವಾನಾ ಕುಲದ ಒಂದು ಮಗುವಿನದು. ಹಿಂದೊಮ್ಮೆ ಮಳೆಯಿಲ್ಲದ ವರ್ಷದಲ್ಲಿ ಎಲ್ಲಿಂದಲೋ ಬಂದ ಆ ಕುಲದ ಫಿಲೊಮೆನಾ ತನ್ನ ಸತ್ತ ಕೂಸನ್ನು ಎತ್ತಿಕೊಂಡು ಇವರ ಅಂಗಳದಲ್ಲಿ ನಿಂತಾಗ ಜಾಗ ಕೊಟ್ಟವನೂ ಇದೇ ಮಾವ. ಅದು ತಪ್ಪಲ್ಲ, ಯಾರಾದರೂ ಕೊಡುತ್ತಿದ್ದರು. ಆದರೆ ಅತಿಥಿಯನ್ನು ಒಳಗೆ ಕೂರಿಸಿ ಮನೆಯವರೇ ಎದ್ದು ಹೋದರೆ ಮನೆ ಯಾರದಾಗಬೇಕು?

ಎರಡು ಕುಲಗಳ ನಡುವೆ ಮಾತಾಡಲು ಬಂದ ಹಿರಿಯ ನಿಕಾನೋರ್ ಅರ್ಮಿಂಡಾಳಿಗೆ ಹೇಳಿದ್ದ: "ಕಂಪನಿಯೋರು ಮತ್ತೆ ಬರೋದ್ರೊಳಗೆ ನಿಮ್ಮಜ್ಜಿ ಮೂಳೆ ತಂದಿಡಮ್ಮ. ಗುಡ್ಡ ನಿಂದೇ." ಗುಡ್ಡ ಹೋದರೆ ಮೇಕೆಗೆ ಮೇವಿಲ್ಲ. ಅದಕ್ಕಿಂತ ಹೆಚ್ಚಾಗಿ, ತನ್ನ ಹೆಣ್ಣುಮಕ್ಕಳು ಯಾವ ನೆಲದವರು ಎಂದು ಹೇಳಿಕೊಳ್ಳುವುದು? ಅವಳು ಅವತ್ತೇ ಬಸ್ಸು ಹತ್ತಿದ್ದಳು.

ತೈಲದ ಊರಿನ ಸ್ಮಶಾನದಲ್ಲಿ ನೀಲಿ ಟೈಲ್ಸೂ ಇರಲಿಲ್ಲ, ಗೋರಿಯೂ ಇರಲಿಲ್ಲ. ಹಸಿದವರು ಕಬ್ಬಿಣವನ್ನೂ ಬಿಡದೆ ಕಿತ್ತು ಮಾರಿಕೊಂಡಿದ್ದರು. ಒಡೆದ ಗೋರಿಗಳ ಮೂಳೆಗಳನ್ನೆಲ್ಲ ಕಾವಲುಗಾರ ಒಂದು ಮೂಲೆಯಲ್ಲಿ ರಾಶಿ ಹಾಕಿದ್ದ. "ಇದ್ರಲ್ಲೇ ಇರ್ತಾರೆ ನೋಡಮ್ಮ ನಿಮ್ಮೋರೂ. ತುಂಬ್ಕೋ," ಎಂದ. ಅವಳು ತುಂಬಿಕೊಂಡಳು. ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಯಾರಿಗಾಗಿ ಅಳುತ್ತಿದ್ದೇನೆಂದು ತಿಳಿಯದೆ.

ಮನೆಯಲ್ಲಿ ಮಾವ ಉಯ್ಯಾಲೆಮಂಚದಿಂದ ಎದ್ದು ಚೀಲ ಮುಟ್ಟಿ ನೋಡಿದ.

"ಅವ್ವನೇನೇ?"

"ಅವ್ವನೋ, ಯಾರ ಅತ್ತೆಯೋ. ರಾಶಿಯಿಂದ ತಂದೆ ಮಾವ."

ಅವನು ಚೀಲದ ಬಾಯಿಯನ್ನು ಮತ್ತೆ ಬಿಗಿದು ಕಟ್ಟಿದ. "ಮೂಳೆ ಮೇಲೇನು ಹೆಸರು ಬರ್ದಿರತ್ತಾ? ಕೇಳಿದ್ರೆ ಹೂಂ ಅಂದ್ಬಿಡು."

"ನೀನೇ ಅನ್ನು. ಕರ್ಕೊಂಡು ಹೋದೋನು ನೀನಲ್ವಾ?"

ಮಾವ ಚೀಲವನ್ನು ಗೋಡೆಗೆ ಒರಗಿಸಿಟ್ಟು ಉಯ್ಯಾಲೆಮಂಚಕ್ಕೆ ಮರಳಿದ.

ಮರುದಿನ ಚಪ್ಪರದ ಕೆಳಗೆ ಎರಡೂ ಕುಲದವರು ಸೇರಿದರು. ಕಂಪನಿಯ ಜೀಪು ದೂರದಲ್ಲಿ ಕಾಯುತ್ತಿತ್ತು. ನಿಕಾನೋರ್ ಕೋಲನ್ನು ಮರಳಿಗೆ ಊರಿ ಕೇಳಿದ: "ಅರ್ಮಿಂಡಾ, ಇವು ನಿಮ್ಮಜ್ಜಿಯವೇನಮ್ಮ?"

ಒಂದು 'ಹೂಂ' ಸಾಕಿತ್ತು. ಆದರೆ ಯಾರದೋ ಅಜ್ಜಿಯನ್ನು ತನ್ನಜ್ಜಿ ಎಂದು ಹೂತರೆ ಆ ಮುದುಕಿ ಕನಸಿನಲ್ಲಿ ಬಂದು ತನ್ನ ಕುಲ ಕೇಳದೆ ಇರುತ್ತಾಳೆಯೇ? ಇನ್ನೂ ಆ ರಾಶಿಯಲ್ಲೇ ಬಿದ್ದಿರಬಹುದಾದ ತನ್ನಜ್ಜಿಯಾದರೂ ಇದನ್ನು ಸಹಿಸುತ್ತಾಳೆಯೇ? ಮಾವ ಅವಳನ್ನೇ ನೋಡುತ್ತಿದ್ದ, ಕಣ್ಣಲ್ಲೇ ಬೇಡುತ್ತಿದ್ದ.

"ಗೊತ್ತಿಲ್ಲಜ್ಜ," ಎಂದಳು.

ನಿಕಾನೋರ್ ತಲೆ ತಗ್ಗಿಸಿದ. ಗುಡ್ಡ ಇಪುವಾನಾದವರದಾಯಿತು. ಯಾರೂ ಕೂಗಾಡಲಿಲ್ಲ, ಯಾರೋ ಜೀಪಿನವರನ್ನು ಕರೆಯಲು ಹೋದರು.

ಅರ್ಮಿಂಡಾ ಚೀಲ ಎತ್ತಿಕೊಂಡು ಹೊರಟಾಗ ಫಿಲೊಮೆನಾ ಅಡ್ಡ ಬಂದಳು. "ಅದನ್ನ ಹೊತ್ಕೊಂಡು ಎಲ್ಲಿಗೆ ಹೋಗ್ತೀಯೇ? ನನ್ನ ಕೂಸಿನ ಪಕ್ಕ ಇಡು. ನಾವು ಬೇಡ ಅಂತೀವಾ?" ಅವಳ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಇದ್ದಿದ್ದರೆ ಅರ್ಮಿಂಡಾ ಜಗಳವಾಡಿ ಹಗುರಾಗುತ್ತಿದ್ದಳು.

"ದೇವರು ನಿನಗೆ ಒಳ್ಳೇದು ಮಾಡ್ಲಿ ತಾಯಿ," ಎಂದ ಮಾವ. ಇದೆಲ್ಲಕ್ಕೂ ಕಾರಣನಾದವನ ಬಾಯಲ್ಲಿ ಆ ಮಾತು ಕೇಳಿ, ಅರ್ಮಿಂಡಾ ಅವನತ್ತ ನೋಡದೆ ಚೀಲ ಹೊತ್ತು ಗುಡ್ಡ ಹತ್ತತೊಡಗಿದಳು.

ಬಿಸಿಲಿಳಿಯುವ ಮೊದಲೇ ಹೂತರು. ಮೂಳೆ ಮುಟ್ಟಿದವಳು ತನ್ನ ಕೈಯಿಂದ ಉಣ್ಣುವಂತಿಲ್ಲ, ಬೇರೆಯವರೇ ತಿನ್ನಿಸಬೇಕು. ಅವಳ ಹೆಣ್ಣುಮಕ್ಕಳು ಇನ್ನೂ ಮೇಕೆಗಳ ಹಿಂದೆ ಇದ್ದರು. ಫಿಲೊಮೆನಾ ತನ್ನ ಒಲೆಯಿಂದ ಬೇಯಿಸಿದ ಮೇಕೆ ಮಾಂಸ ತಂದು, ಬಿಸಿಯಾರಿಸಿ, ಒಂದು ತುಂಡನ್ನು ಅವಳ ಬಾಯಿಯ ಹತ್ತಿರ ಹಿಡಿದಳು.

"ತಿನ್ನೇ," ಎಂದಳು. "ನಮ್ಮ ನೆಲಕ್ಕೆ ಬಂದೋರು ಹಸ್ಕೊಂಡು ಹೋಗ್ಬಾರ್ದು."

ನಿನ್ನೆಯಿಂದ ಏನೂ ತಿಂದಿರದ ಅರ್ಮಿಂಡಾ ಬಾಯಿ ತೆರೆದಳು.