ಸುದ್ದಿ ಮುಟ್ಟದವರು

ಕೊಟ್ಟೂರು ಬಸ್ ನಿಲ್ದಾಣದ ಎದುರು ಅರುಣಕುಮಾರನ ಎಸ್‌ಟಿಡಿ ಬೂತ್ ಇತ್ತು. ಅದರ ಪಕ್ಕದಲ್ಲೇ ಕೆಂಚಕ್ಕ ಮಿರ್ಚಿ ಕರಿದು ಮಾರುತ್ತಿದ್ದಳು. ಹಡಗಲಿಗೆ ಕೊಟ್ಟಿದ್ದ ಮಗಳು ದುರ್ಗಾದೇವಿಗೆ ಎಂಟು ತಿಂಗಳು ತುಂಬಿತ್ತು. ಎರಡನೆಯ ಹೆರಿಗೆ, ಗಂಡನ ಮನೆಯಲ್ಲೇ ಆಗಬೇಕು. ಅಲ್ಲಿಂದ ಸುದ್ದಿ ಬಂದರೆ ಈ ಬೂತಿಗೇ ಬರಬೇಕು.

೧೯೯೭ರ ಏಪ್ರಿಲ್ ಒಂದರ ಬೆಳಿಗ್ಗೆ ಗೆಳೆಯ ಮಂಜಣ್ಣ ಬೂತಿನಲ್ಲಿ ಕೂತಿದ್ದ. ಅವನನ್ನು ನಗಿಸುವ ಹುಮ್ಮಸ್ಸಿನಲ್ಲಿ ಅರುಣ ಹೊರಗೆ ತಲೆ ಹಾಕಿ ಕೂಗಿದ.

"ಯಕ್ಕಾ, ಹಡಗಲಿಯಿಂದ ಫೋನ್ ಬಂದಿತ್ತು. ದುರ್ಗಾ ಹಡದಾಳಂತ! ಗಂಡು!"

ಕೆಂಚಕ್ಕ ಒಲೆ ಆರಿಸಿದಳು. ಬುಟ್ಟಿಯಲ್ಲಿದ್ದ ಮಿರ್ಚಿಯನ್ನೆಲ್ಲ ಬಸ್ಸಿಗೆ ಕಾಯುತ್ತಿದ್ದವರ ಕೈಗೆ ಹಾಕುತ್ತ, "ಮೊಮ್ಮಗ ಹುಟ್ಯಾನ, ತಿನ್ರಿ ತಿನ್ರಿ" ಎಂದಳು. ಒಳಗೆ ಗೆಳೆಯರಿಬ್ಬರೂ ಬಿದ್ದು ಬಿದ್ದು ನಕ್ಕರು. ಸುಳ್ಳೆಂದು ಹೇಳಲು ಅರುಣ ಏಳುವಷ್ಟರಲ್ಲಿ ಯಾರೋ ಫೋನ್ ಮಾಡಲು ಬಂದರು. ಅವರನ್ನು ಕಳಿಸಿ ನೋಡಿದರೆ ಹಡಗಲಿ ಬಸ್ಸು ಹೋಗಿಬಿಟ್ಟಿತ್ತು. ಕೆಂಚಕ್ಕನೂ ಇರಲಿಲ್ಲ.

ಮರುದಿನ ಅವಳು ನೇರ ಬೂತಿಗೇ ಬಂದಳು. ಬೈಗುಳ ತಿನ್ನಲು ಅರುಣ ಸಿದ್ಧನಾಗಿದ್ದ.

"ನನ್ನ ಮಗಳು ಇನ್ನಾ ಹಡದಿಲ್ಲಪ್ಪ. ಬೀಗ್ತಿ ಪಂಪಮ್ಮ ಭಾಳ ಸಿಟ್ಟಾದಳು. ಹುಟ್ಟದ ಕೂಸಿಗೆ ಡಂಗುರ ಹೊಡಕೊಂಡು ಬಂದೀಯಲ್ಲ, ಏನರ ಕೆಟ್ಟದ್ದಾದ್ರ ಯಾರು ಹೊಣಿ ಅಂದಳು. ಅದು ಹೋಗಲಿ. ಆ ಫೋನ್ ಬ್ಯಾರೆ ಯಾರಿಗೋ ಬಂದಿರಬೇಕು ನೋಡು. ಆ ತಾಯಿಗೆ ಇನ್ನಾ ಸುದ್ದಿ ಮುಟ್ಟಿಲ್ಲ. ಹೆಂಗರ ಮಾಡಿ ತಿಳಿಸಪ್ಪ."

ಅರುಣನಿಗೆ ತಲೆ ಎತ್ತಲಾಗಲಿಲ್ಲ. "ಫೋನೇ ಬಂದಿರಲಿಲ್ಲ ಯಕ್ಕಾ. ನಿನ್ನಿ ಏಪ್ರಿಲ್ ಫೂಲ್. ಸುಳ್ಳು ಹೇಳಿ ನಗೋ ದಿನ."

"ಅಂಥಾದ್ದೊಂದು ದಿನ ಐತೇನು? ಯಾರು ಮಾಡಿದ್ರು ಅದನ್ನ?"

ಎಂದೋ ಪತ್ರಿಕೆಯಲ್ಲಿ ಓದಿದ್ದನ್ನು ಗೊಣಗಿದ. "ಖಾತ್ರಿ ಯಾರಿಗೂ ಗೊತ್ತಿಲ್ಲ. ಯಾವುದೋ ದೇಶದಾಗ ಹೊಸ ವರ್ಷ ನಮ್ಮ ಯುಗಾದಿಯಂಗ ಈ ಹೊತ್ತಿಗೇ ಬರ್ತಿತ್ತಂತ. ರಾಜ ಅದನ್ನ ಜನವರಿಗೆ ಹಾಕಿದ. ದೂರದ ಹಳ್ಳಿ ಮಂದಿಗೆ ತಿಳೀಲಿಲ್ಲ, ಹಳೇ ದಿನಕ್ಕೇ ಹಬ್ಬ ಮಾಡಿದ್ರು. ಅವರನ್ನ ನೋಡಿ ಉಳಿದೋರು ನಕ್ಕರಂತ."

"ಗೊತ್ತಿದ್ದೋರು ಹೋಗಿ ಹೇಳಬಾರದಿತ್ತೇನು?" ಎಂದು ಕೇಳಿ, ಕೆಂಚಕ್ಕ ಒಲೆ ಹಚ್ಚಲು ಹೋದಳು.

ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅರುಣ ಬೂತನ್ನು ಮಂಜಣ್ಣನಿಗೆ ಒಪ್ಪಿಸಿ ಹಡಗಲಿ ಬಸ್ಸು ಹತ್ತಿದ. ಮನೆ ಕೇಳಿಕೊಂಡು ಹೋಗಿ ಪಂಪಮ್ಮನ ಮುಂದೆ ನಿಂತ.

"ಕೆಂಚಕ್ಕನದು ಏನೂ ತಪ್ಪಿಲ್ಲರಿ. ಸುಳ್ಳು ಹೇಳಿದಾವ ನಾನು."

ಪಂಪಮ್ಮ ಅವನನ್ನು ದಿಟ್ಟಿಸಿ ನೋಡಿದಳು. ಅವನಿಗೆ ಬೈಯಲು ಬಾಯಿ ತೆರೆದವಳು ಕಟ್ಟೆಯ ಮೇಲೆ ಕೂತಳು. "ನೆರಿಮನಿಯೋರ ಮುಂದ ಆಕಿಗೆ ಬಾಯಿಗೆ ಬಂದಂಗ ಅಂದೀನಿ. ಒಂದು ತಂಬಿಗಿ ನೀರು ಸೈತ ಕೊಡಲಿಲ್ಲ."

ದುರ್ಗಾದೇವಿ ಸೊಂಟಕ್ಕೆ ಕೈ ಕೊಟ್ಟು ಬಾಗಿಲಿಗೆ ಬಂದಳು. "ಅವ್ವನ ಚೀಲದಾಗ ಕೂಸಿನ ತಲಿಗಂತ ತಂದ ಕುಲಾಯಿ ಕಂಡಿತ್ತು. ತೋರಿಸದಂಗೇ ವಾಪಸ್ ಒಯ್ದಳು" ಎಂದಷ್ಟೇ ಹೇಳಿ ಒಳಗೆ ಹೋದಳು.

ಪಂಪಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ನಡಿ, ನಾನೂ ಬರ್ತೀನಿ. ಆಕಿ ಮುಂದ ನಾನೂ ನಿಂದರಬೇಕು."

ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕದ ಸೀಟು ಸಿಕ್ಕಿತು. ಕೊಟ್ಟೂರು ಮುಟ್ಟುವ ತನಕ ಒಬ್ಬರ ಮುಖ ಒಬ್ಬರು ನೋಡಲಿಲ್ಲ.